ಬ್ಲೇಡಿನ ಬುಡದಲ್ಲಿ ಸವೆತ: ಲ್ಯಾಬಿನಲ್ಲಿ ಅಳೆಯುವುದು ಯಾಕೆ ಇಷ್ಟು ಕಷ್ಟ?

2018ರ ಏಪ್ರಿಲ್ 17ರಂದು ಅಮೆರಿಕದಲ್ಲಿ ಸೌತ್‌ವೆಸ್ಟ್ ಕಂಪನಿಯ ವಿಮಾನದ ಎಂಜಿನ್ ಬ್ಲೇಡೊಂದು ಹಾರಾಟದಲ್ಲೇ ಮುರಿದು ಪ್ರಯಾಣಿಕರೊಬ್ಬರು ತೀರಿಕೊಂಡರು. ಲೋಹ ದಣಿದು ಬಿರುಕು ಬಿಟ್ಟಿತ್ತು, ಅದೂ ಬ್ಲೇಡಿನ ಬುಡದಲ್ಲಿ, ಬ್ಲೇಡುಗಳನ್ನು ಹಿಡಿದಿಡುವ ಡಿಸ್ಕಿನ ಸ್ಲಾಟಿನೊಳಗೆ (ಗಾಡಿಯೊಳಗೆ) ಕೂರುವ ಭಾಗದಲ್ಲಿ. ಅಲ್ಲಿನ ಒತ್ತಡ ಅಂದಾಜಿಗಿಂತ ಜಾಸ್ತಿ ಇತ್ತು ಎಂದು ತನಿಖೆ ಹೇಳಿತು. ಆಗಿನಿಂದ ಈ ಬುಡದ ಬಗ್ಗೆ ಕೇಳುವವರು ಹೆಚ್ಚಾಗಿದ್ದಾರೆ.

ಬಿಗಿಯಾಗಿ ಕೂತ ಬ್ಲೇಡೂ ಎಂಜಿನ್ ಅದುರಿದಾಗ ಕೆಲವೇ ಮೈಕ್ರಾನ್‌ನಷ್ಟು ಉಜ್ಜಾಡುತ್ತದೆ. ಇದಕ್ಕೆ ಫ್ರೆಟಿಂಗ್ ಎನ್ನುತ್ತಾರೆ. ಉದುರುವ ಪುಡಿ ಕಣ್ಣಿಗೆ ಬೀಳುತ್ತದೆ, ಒಳಗೆ ಹುಟ್ಟುವ ಬಿರುಕು ಬೀಳುವುದಿಲ್ಲ. 1911ರಲ್ಲೇ ಫ್ರೆಟಿಂಗನ್ನು ಗಮನಿಸಿದ್ದರು. ಆಮೇಲಿನ ಐವತ್ತು ವರ್ಷ ಹೆಚ್ಚಾಗಿ ಸಣ್ಣ ತುಂಡುಗಳನ್ನು ಉಜ್ಜಿ ನೋಡುವುದರಲ್ಲೇ ಹೋಯಿತು.

ನಿಜವಾದ ತಿರುವು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಸಿಕ್ಕಿತು. 1973ರಲ್ಲಿ ಬ್ರಾಮ್‌ಹಾಲ್ ಎಂಬ ಸಂಶೋಧಕರು ಚಪ್ಪಟೆ ಲೋಹದ ತುಂಡಿಗೆ ಎರಡೂ ಕಡೆಯಿಂದ ಉರುಟು ಪ್ಯಾಡ್ ಒತ್ತಿ, ತುಂಡನ್ನು ಎಳೆದು ಬಿಟ್ಟು ಪರೀಕ್ಷಿಸಿದರು. ಒತ್ತಡ ಅಷ್ಟೇ ಇಟ್ಟು ಪ್ಯಾಡಿನ ಗಾತ್ರ ಮಾತ್ರ ಬದಲಿಸಿದಾಗ, ತಾಗುವ ಜಾಗ ಚಿಕ್ಕದಿದ್ದ ತುಂಡು ಉಳಿಯಿತು, ದೊಡ್ಡದಿದ್ದದ್ದು ಮುರಿಯಿತು! ಅಂದರೆ ಒತ್ತಡದ ಲೆಕ್ಕವೊಂದೇ ಸಾಲದು. ಚಿಕ್ಕ ತುಂಡಿನಲ್ಲಿ ಬಂದ ಒಳ್ಳೆಯ ಫಲಿತಾಂಶವನ್ನು ಸುಮ್ನೆ ದೊಡ್ಡ ಬ್ಲೇಡಿಗೆ ಹಚ್ಚಿದರೆ ಅಪಾಯ, ಅಲ್ವಾ? 1984ರಲ್ಲಿ ಅಲ್ಲೇ ರೂಯಿಸ್ ಮತ್ತು ಜೊತೆಗಾರರು ಬ್ಲೇಡಿನ ಬುಡದಂಥದೇ ಜೋಡಣೆಯನ್ನು ಎರಡು ದಿಕ್ಕಿಗೆ ಎಳೆದು ನೋಡಿದರು. ಎಳೆತದ ಒತ್ತಡ, ಉಜ್ಜುವ ಒತ್ತಡ, ಜಾರುವ ದೂರ ಮೂರನ್ನೂ ಗುಣಿಸಿದರೆ ಬಿರುಕು ಎಲ್ಲಿ ಹುಟ್ಟುತ್ತದೆಂದು ಸುಮಾರಾಗಿ ಹೇಳಬಹುದು ಎಂದು ತೋರಿಸಿದರು. ನನಗೆ ಇಡೀ ಕಥೆಯಲ್ಲಿ ಇಷ್ಟವಾಗುವ ಕೆಲಸ ಇದು, ಯಾಕೆಂದರೆ ಇದು ಭಾಗದ ಆಕಾರವನ್ನೇ ಪರೀಕ್ಷೆಯೊಳಗೆ ತಂದಿತು.

1990ರಿಂದ ವಿಮಾನದ ಎಂಜಿನ್ ತಯಾರಿಸುವ ರೋಲ್ಸ್ ರಾಯ್ಸ್ ಕಂಪನಿ ವಿಶ್ವವಿದ್ಯಾಲಯಗಳಲ್ಲಿ ಸಂಶೋಧನಾ ಕೇಂದ್ರಗಳನ್ನು ತೆರೆಯಿತು, ಆಕ್ಸ್‌ಫರ್ಡ್ ಮೊದಲ ಸಾಲಿನಲ್ಲಿತ್ತು. ಹಣ ಬಂತು, ನಿಜವಾದ ಲೋಹ ಬಂತು, ಒಳ್ಳೆಯ ಯಂತ್ರಗಳೂ ಬಂದವು. ಆದರೆ ಉದ್ಯಮದ ಜೊತೆ ಮಾಡುವ ಪರೀಕ್ಷೆಯ ಅಂಕಿಗಳೆಲ್ಲ ಹೊರಗೆ ಬರುವುದಿಲ್ಲ, ಪಿಎಚ್‌ಡಿ ಮೂರು ನಾಲ್ಕು ವರ್ಷಕ್ಕೆ ಮುಗಿಯುತ್ತದೆ, ಬ್ಲೇಡು ಮಾತ್ರ ಅದಕ್ಕಿಂತ ಎಷ್ಟೋ ಜಾಸ್ತಿ ಕಾಲ ಹಾರುತ್ತಿರುತ್ತದೆ. ಸುರಕ್ಷತೆಗೆ ಬೇಕಾದ ಅಂಕಿಗಳಾದರೂ ಎಲ್ಲ ಲ್ಯಾಬ್‌ಗಳ ನಡುವೆ ಹಂಚಿಕೆಯಾಗಬೇಕಿತ್ತು.

ಈಗ ಬುಡಕ್ಕೆ ತಾಮ್ರ, ನಿಕ್ಕಲ್, ಇಂಡಿಯಂ ಬೆರಸಿದ ಲೇಪನ ಕೊಟ್ಟು, ಮೇಲೆ ಒಣ ಲೂಬ್ರಿಕೆಂಟ್ ಹಚ್ಚುತ್ತಾರೆ. ಅದೂ ಸವೆಯುತ್ತದೆ. 2018ರ ಅಪಘಾತದ ನಂತರ ಆ ಮಾದರಿ ಎಂಜಿನ್‌ಗಳ ಬ್ಲೇಡುಗಳನ್ನು ಆಗಾಗ ಬಿಚ್ಚಿ, ಬುಡದಲ್ಲಿ ಬಿರುಕಿದೆಯೇ ಎಂದು ಅಲ್ಟ್ರಾಸಾನಿಕ್ (ಕಿವಿಗೆ ಕೇಳದ ಶಬ್ದದ ಅಲೆ) ಅಥವಾ ಎಡ್ಡಿ ಕರೆಂಟ್‌ನಿಂದ (ಲೋಹದಲ್ಲಿ ಹುಟ್ಟಿಸುವ ಸುಳಿ ವಿದ್ಯುತ್) ತಪಾಸಣೆ ಮಾಡುತ್ತಿದ್ದಾರೆ.