ಪರೀಕ್ಷೆ ಯಾವಾಗಲೂ ಹೊರಗಿನವಳಿಗೇ ಏಕೆ?

ಸಾಗರ, ತೀರ್ಥಹಳ್ಳಿ, ಶಿವಮೊಗ್ಗಗಳಲ್ಲಿ ನಾನು ನಡೆಸುವ ಚಿತ್ರಕಥಾ ಕಮ್ಮಟಗಳಿಗೆ ಬರುವ ತರುಣರು ಬೇರೆ ಬೇರೆ ಜನಾಂಗದವರ ನಡುವಿನ ಪ್ರೇಮದ ಕತೆ ಬರೆಯಲು ಕುಳಿತರೆಂದರೆ, ಕೊನೆಯ ದೃಶ್ಯ ಯಾವುದೆಂದು ಮೊದಲ ಪುಟದಲ್ಲೇ ತಿಳಿದುಬಿಡುತ್ತದೆ. ವಿದೇಶದ ಬಿಳಿಯ ಹುಡುಗಿಯೊಬ್ಬಳು ಅಡಿಕೆ ತೋಟದ ಮನೆಗೆ ಬರುತ್ತಾಳೆ, ಸೀರೆ ಉಡುತ್ತಾಳೆ, ಕಡುಬು ಮಾಡಲು ಕಲಿಯುತ್ತಾಳೆ, ಅಡಿಕೆ ಸುಲಿಯುವ ಹೆಂಗಸರ ಜೊತೆ ಕೂರುತ್ತಾಳೆ; ಜಗಲಿಯಲ್ಲಿ ಕುಳಿತ ಅಜ್ಜ ಕೊನೆಗೂ ಒಪ್ಪುತ್ತಾರೆ. ಬರೆದವರ ಸದಾಶಯದ ಬಗ್ಗೆ ನನಗೆ ಅನುಮಾನವಿಲ್ಲ, ಆ ಮಕ್ಕಳ ಮೇಲೆ ಪ್ರೀತಿಯೇ ಇದೆ. ಆದರೆ ಅವಳ ಊರಿನಲ್ಲಿ ತಾಯಿ ಇದ್ದಾಳೆಯೇ, ಅವಳು ಮಾಡುತ್ತಿದ್ದ ಕೆಲಸ ಏನಾಯಿತು, ಹುಡುಗನ ಮೇಲೆ ಅವಳಿಗೆ ಎಂದಾದರೂ ಸಿಟ್ಟು ಬಂದಿದೆಯೇ ಎಂದು ಕೇಳಿದರೆ ಯಾರ ಬಳಿಯೂ ಉತ್ತರವಿರುವುದಿಲ್ಲ.

ಈ ಅಚ್ಚು ಹಳೆಯದು. 1934ರಿಂದ ಬಿಗಿಯಾಗಿ ಜಾರಿಗೆ ಬಂದ ಹಾಲಿವುಡ್ಡಿನ ನಿರ್ಮಾಣ ಸಂಹಿತೆಯು, ಅಂದರೆ ಚಿತ್ರಗಳಲ್ಲಿ ಏನು ತೋರಿಸಬಹುದು, ಏನು ಕೂಡದು ಎಂಬ ನಿಯಮಾವಳಿಯು, ಬಿಳಿಯರ ಮತ್ತು ಕಪ್ಪು ಜನರ ನಡುವಿನ ಪ್ರೇಮವನ್ನು ತೆರೆಯ ಮೇಲೆ ತರುವುದನ್ನೇ ನಿಷೇಧಿಸಿತ್ತು. 1956ರ ತಿದ್ದುಪಡಿಯಲ್ಲಿ ಆ ನಿಷೇಧ ಹೋಯಿತು. 1967ರ ಜೂನ್ 12ರಂದು ಅಮೆರಿಕದ ಸುಪ್ರೀಂ ಕೋರ್ಟು ಲವಿಂಗ್ ಮೊಕದ್ದಮೆಯಲ್ಲಿ ಇಂಥ ಮದುವೆಗಳನ್ನು ತಡೆಯುವ ಕಾನೂನುಗಳನ್ನು ಅಸಿಂಧುಗೊಳಿಸಿತು. ಅದೇ ಡಿಸೆಂಬರಿನಲ್ಲಿ 'ಗೆಸ್ ಹೂಸ್ ಕಮಿಂಗ್ ಟು ಡಿನ್ನರ್' ತೆರೆಕಂಡಿತು. ಆ ಕಾಲಕ್ಕೆ ಅದು ಧೈರ್ಯದ ಚಿತ್ರವೇ ಸರಿ. ಆದರೂ ಗಮನಿಸಿ: ಸಿಡ್ನಿ ಪೋಯ್ಟಿಯರ್ ವಹಿಸಿದ ಕಪ್ಪು ನಾಯಕ ಜಗತ್ತೇ ಗೌರವಿಸುವ ವೈದ್ಯ, ಬಿಳಿಯ ಹುಡುಗಿಯ ಹೆತ್ತವರು ಮನಸಾರೆ ಒಪ್ಪದಿದ್ದರೆ ಮದುವೆಯೇ ಬೇಡವೆಂದು ಅವನೇ ಅವರಿಗೆ ಹೇಳುತ್ತಾನೆ, ಪ್ರೇಮಿಗಳ ಮುತ್ತು ಟ್ಯಾಕ್ಸಿಯ ಕನ್ನಡಿಯಲ್ಲಿ ಮಾತ್ರ ಕಾಣುತ್ತದೆ, ಕೊನೆಯ ದೀರ್ಘ ಮಾತೂ ತೀರ್ಪೂ ಬಿಳಿಯ ತಂದೆಯದು.

ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಎಷ್ಟು ಸಲ ಹೇಳಿದರೂ ಜಾರಿಹೋಗುವ ಮಾತು ಇದೇ. ಹೊರಗಿನ ಪಾತ್ರವನ್ನು ಒಂದು ಕುಂದೂ ಇಲ್ಲದಂತೆ ಬರೆದಾಗ ಪ್ರೇಕ್ಷಕ ಒಪ್ಪುವುದು ಆ ನಿಷ್ಕಳಂಕತೆಯನ್ನು; ಮದುವೆಯನ್ನು ಒಪ್ಪಬೇಕಾದ ಪ್ರಸಂಗವೇ ಅವನಿಗೆ ಬರುವುದಿಲ್ಲ. ನಾಳೆ ಸಾಲವಿರುವ, ಸಿಡುಕುವ, ಕಡುಬು ಸೇರದ ಒಬ್ಬ ಸಾಮಾನ್ಯ ಹುಡುಗಿ ಅದೇ ಮನೆಯ ಮೆಟ್ಟಿಲು ಹತ್ತಿದರೆ, ಅಜ್ಜನಿಗೆ ಬೇಡವೆನ್ನಲು ನಿಮ್ಮ ಚಿತ್ರವೇ ಕಾರಣ ಒದಗಿಸಿರುತ್ತದೆ. ಕತೆ ಅಜ್ಜನ ಮನಪರಿವರ್ತನೆಯದಾಗಿ, ಪ್ರೇಮಿಗಳು ಅದಕ್ಕೆ ನೆಪವಾಗುತ್ತಾರೆ. ಹಿರಿಯರ ಒಪ್ಪಿಗೆಯ ದೃಶ್ಯವೇ ಕೂಡದೆಂದು ನಾನು ಹೇಳುತ್ತಿಲ್ಲ. ನಮ್ಮ ಮನೆಗಳಲ್ಲಿ ಆ ಒಪ್ಪಿಗೆಗೆ ನಿಜವಾದ ತೂಕವಿದೆ.

ಮೀರಾ ನಾಯರ್ ಅವರ 'ಮಿಸಿಸಿಪಿ ಮಸಾಲ' (1991) ಚಿತ್ರವನ್ನು ಕಮ್ಮಟದಲ್ಲಿ ತೋರಿಸುವುದು ಈ ಕಾರಣಕ್ಕೆ. ಅಲ್ಲಿನ ಕಪ್ಪು ನಾಯಕ ಜಮಖಾನೆ ಶುಚಿಗೊಳಿಸುವ ಕಸುಬಿನವನು. ಅವನಿಗೆ ಬ್ಯಾಂಕಿನ ಸಾಲವಿದೆ, ಕುಟುಂಬವಿದೆ. 1972ರಲ್ಲಿ ಉಗಾಂಡದಿಂದ ಹೊರದಬ್ಬಿಸಿಕೊಂಡ ಭಾರತೀಯ ಕುಟುಂಬದ ಮಗಳೊಂದಿಗಿನ ಪ್ರೇಮ ಬಯಲಾದಾಗ ಪೆಟ್ಟು ಬೀಳುವುದು ಆ ಕಸುಬಿಗೆ. ಅಡ್ಡಬರುವವರಲ್ಲಿ ನಮ್ಮವರೇ ಮುಂದೆ ಇರುವುದನ್ನು ನೋಡಿದಾಗ ತರಗತಿ ಮೌನವಾಗುತ್ತದೆ.

ಇನ್ನೊಂದು ಮಾತು. ಬೇರೆ ಜನಾಂಗವೆಂದೊಡನೆ ನಮ್ಮವರಿಗೆ ಯುರೋಪು ನೆನಪಾಗುತ್ತದೆ. ಪಕ್ಕದ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳಗಳಲ್ಲಿ ಆಫ್ರಿಕಾ ಮೂಲದ ಸಿದ್ದಿಯರು ತಲೆಮಾರುಗಳಿಂದ ಬದುಕುತ್ತಿದ್ದಾರೆ, ಕನ್ನಡ ಕೊಂಕಣಿ ಮಾತನಾಡುತ್ತಾರೆ. ಅವರು ನಮ್ಮ ಪ್ರೇಮಕತೆಗಳಿಗೆ ಬರುವುದೇ ಅಪರೂಪ. ಬರೆಯುವುದಾದರೆ ಅಲ್ಲಿಗೆ ಹೋಗಿ, ಅವರೊಂದಿಗೆ ಮಾತನಾಡಿಯೇ ಬರೆಯಬೇಕು.

ಹೊಸನಗರದ ಕಡೆಯ ವಿದ್ಯಾರ್ಥಿನಿಯೊಬ್ಬಳು ಹಾಗೆ ಹೋಗಿಬಂದು ಚಿತ್ರಕಥೆಯನ್ನು ಪೂರ್ತಿ ತಿದ್ದಿದಳು. ಈಗ ಅದರಲ್ಲಿ ಸಿದ್ದಿ ಹುಡುಗನ ತಾಯಿ ತೋಟದ ಮನೆಗೆ ಬಂದು, ನನ್ನ ಮಗ ನಿಮ್ಮ ಊಟದ ಪಂಕ್ತಿಯಲ್ಲಿ ಎಲ್ಲಿ ಕೂರುತ್ತಾನೆ, ನೆಂಟರು ಬಂದಾಗ ಅವನನ್ನು ಯಾರೆಂದು ಪರಿಚಯಿಸುತ್ತೀರಿ ಎಂದು ಕೇಳುತ್ತಾಳೆ. ಉತ್ತರ ಹುಡುಕಬೇಕಾದವರು ಮನೆಯವರು. ಆ ದೃಶ್ಯ ತುಸು ಉದ್ದವಾಗಿದೆ, ಕತ್ತರಿಸಲೇಬೇಕು. ತಾಯಿಯ ಪ್ರಶ್ನೆಗಳನ್ನು ಮಾತ್ರ ಮುಟ್ಟಬೇಡವೆಂದು ಅವಳಿಗೆ ಹೇಳಿದ್ದೇನೆ.