ಮಗು ಮೈಗೆ ಹಚ್ಚೋ ಕ್ರೀಮು, ಲೋಷನ್ನು: ಆ ಕೆಜಿ ಲೆಕ್ಕ

ಇದು ತುಂಬು ತಿಂಗಳಿಗೆ ಹುಟ್ಟಿದ ಮಕ್ಕಳ ಬಗ್ಗೆ ಮಾತ್ರ. ಅವಧಿಗೆ ಮುಂಚೆ ಹುಟ್ಟಿದವ್ರ ಚರ್ಮದ ಮೇಲ್ಪದರ ಇನ್ನೂ ಬಲಿತಿರಲ್ಲ, ಅಲ್ಲಿ ಡಾಕ್ಟ್ರು ಹೇಳದೆ ಏನೂ ಹಚ್ಚೋ ಹಾಗಿಲ್ಲ.

ಎಲ್ಲಿ ಓದಿದ್ರೂ "ಮಗು ಚರ್ಮ ತೆಳು, ಅದಕ್ಕೇ ಹಚ್ಚಿದ್ದೆಲ್ಲ ಒಳಗೆ ಹೋಗುತ್ತೆ" ಅಂತಿರುತ್ತೆ. ತೆಳು ಅನ್ನೋದೇನೋ ನಿಜ, ಆದ್ರೆ ತುಂಬು ತಿಂಗಳ ಮಗು ಚರ್ಮ ತಡೆಯೋ ಕೆಲಸವನ್ನ ಚೆನ್ನಾಗೇ ಮಾಡುತ್ತೆ. ಮತ್ಯಾಕೆ ಇಷ್ಟು ಹುಷಾರು? ನಂಗೆ ತಲೆ ಕೆಟ್ಟಿದ್ದೇ ಇಲ್ಲಿ, ಕೊನೆಗೆ ಭಾಗಾಕಾರ ಮಾಡಿ ನೋಡಿದಾಗ ಬಿಡಿಸ್ಕೊಂಡಿತು.

ನಿಧಾನಕ್ಕೆ ನೋಡಿ. ದೊಡ್ಡವರ ಮೈ ಸುಮಾರು 18,000 ಚದರ ಸೆಂ.ಮೀ., ತೂಕ 70 ಕೆಜಿ. ಹಸುಗೂಸಿನದು ಸುಮಾರು 2,200 ಚದರ ಸೆಂ.ಮೀ., ತೂಕ 3.5 ಕೆಜಿ. ಇಬ್ರಿಗೂ ಮೈತುಂಬ ಒಂದೇ ಲೋಷನ್ ಹಚ್ಚಿ, ಪ್ರತಿ ಚದರ ಸೆಂ.ಮೀ.ಗೆ 1 ಮೈಕ್ರೋಗ್ರಾಂ ಒಳಗೆ ಹೋಯ್ತು ಅಂತ ಇಟ್ಕೊಳ್ಳಿ (1 ಅನ್ನೋದು ಬರೀ ಲೆಕ್ಕದ ಅನುಕೂಲಕ್ಕೆ). ದೊಡ್ಡವರಿಗೆ 18,000 ಭಾಗಿಸು 70, ಅಂದ್ರೆ ಕೆಜಿಗೆ ಸುಮಾರು 257. ಮಗುಗೆ 2,200 ಭಾಗಿಸು 3.5, ಅಂದ್ರೆ ಕೆಜಿಗೆ ಸುಮಾರು 629. ಒಟ್ಟು ನೋಡಿದ್ರೆ ಮಗು ಮೈಯೊಳಗೆ ಹೋಗಿರೋದು ಎಂಟನೇ ಒಂದು ಪಾಲು, ಅಷ್ಟು ಕಮ್ಮಿ ಇದ್ರೂ ವಿಷದ ಲೆಕ್ಕ ಹಾಕೋದು ಕೆಜಿಗೆ ಎಷ್ಟು ಅಂತಾನೇ ಅಲ್ವಾ, ಹಂಗಾಗಿ ಇಬ್ಬರ ಚರ್ಮಾನೂ ಒಂದೇ ಅಂದ್ಕೊಂಡ್ರೂ ಮಗುಗೆ ಹತ್ತಿರತ್ತಿರ ಎರಡೂವರೆ ಪಟ್ಟು ಬೀಳುತ್ತೆ. ಅದರ ಮೇಲೆ ಲಿವರ್, ಕಿಡ್ನಿ ಇನ್ನೂ ಪಳಗಿರಲ್ಲ, ಒಳಗೆ ಹೋಗಿದ್ದು ಆಚೆ ಬರೋದೂ ನಿಧಾನ.

ಈಗ ಡಯಾಪರ್ ಜಾಗಕ್ಕೆ ಬನ್ನಿ. ಒದ್ದೆ, ಶಾಖ, ಮೇಲಿಂದ ಬಿಗಿ ಮುಚ್ಚಳ, ಜೊತೆಗೆ ರ‍್ಯಾಶ್ ಎದ್ದಿದ್ರೆ ಹೀರಿಕೊಳ್ಳೋದು ಇನ್ನೂ ಜಾಸ್ತಿ. ಯುರೋಪಿಯನ್ ಒಕ್ಕೂಟದ 2014ರ ನಿಯಮ 3 ವರ್ಷದೊಳಗಿನ ಮಕ್ಕಳ ಡಯಾಪರ್ ಜಾಗಕ್ಕೆ ಹಚ್ಚಿ ಹಾಗೇ ಬಿಡೋ ಕ್ರೀಮುಗಳಲ್ಲಿ ಪ್ರೊಪೈಲ್, ಬ್ಯುಟೈಲ್ ಪ್ಯಾರಾಬೆನ್ (ಕ್ರೀಮು ಕೆಡದ ಹಾಗೆ ಹಾಕೋ ರಾಸಾಯನಿಕಗಳು) ಬೇಡ ಅಂದಿದ್ದು ಇದಕ್ಕೇ. ಮಿಥೈಲ್, ಇಥೈಲ್ ಪ್ಯಾರಾಬೆನ್‌ಗೆ ಆ ನಿಷೇಧ ಇಲ್ಲ, ಅದಕ್ಕೇ "ಪ್ಯಾರಾಬೆನ್ ಫ್ರೀ" ಅಂತ ದಪ್ಪಕ್ಷರದಲ್ಲಿ ಬರೆದ ಡಬ್ಬಿ ನೋಡಿದ್ರೆ ನಂಗೇನೂ ನೆಮ್ಮದಿ ಆಗಲ್ಲ. ಪ್ಯಾರಾಬೆನ್ ಬಿಟ್ಟು ಎಷ್ಟೋ ಕಂಪನಿಗಳು ಅದೇ ಕೆಲಸಕ್ಕೆ ಹಿಡಿದಿದ್ದು ಮಿಥೈಲ್‌ಐಸೋಥಯಾಜೋಲಿನೋನ್, ಅದರಿಂದ ಅಲರ್ಜಿ ಎಷ್ಟು ಹೆಚ್ಚಿತು ಅಂದ್ರೆ ತೊಳೆಯದೆ ಬಿಡೋ ಪ್ರಾಡಕ್ಟುಗಳಲ್ಲಿ ಯುರೋಪಿಯನ್ ಒಕ್ಕೂಟದಲ್ಲಿ 2017ರಿಂದ ಅದೂ ಬಂದ್.

ಉಳಿದಿದ್ದು ಗಬಗಬ ಹೇಳ್ಬಿಡ್ತೀನಿ. ಪೆಟ್ರೋಲಿಯಂ ಜೆಲ್ಲಿ, ಜಿಂಕ್ ಆಕ್ಸೈಡ್ ಕ್ರೀಮ್ ಓಕೆ. ಪೌಡರ್ ಬೇಡ, ಟಾಲ್ಕ್ ಆಗ್ಲಿ ಜೋಳದ ಪಿಷ್ಟದ್ದಾಗ್ಲಿ, ಉಸಿರಲ್ಲಿ ಹೋಗಿ ಶ್ವಾಸಕೋಶದಲ್ಲಿ ಕೂರುತ್ತೆ. ಬೋರಿಕ್ ಆಸಿಡ್ ಹತ್ರಾನೂ ತರ್ಬೇಡಿ. ಕರ್ಪೂರ ಇರೋ ಬಾಮ್ 2 ವರ್ಷದೊಳಗೆ ಬೇಡ, ಫಿಟ್ಸ್ ಬರೋ ಅಪಾಯ ಇದೆ. 6 ತಿಂಗಳೊಳಗೆ ಸನ್‌ಸ್ಕ್ರೀನ್‌ಗಿಂತ ನೆರಳು, ಟೋಪಿ, ಮೈಮುಚ್ಚೋ ಬಟ್ಟೆ ಮೊದಲು.

ಕೊನೇದು ಸುವಾಸನೆ. "ಅನ್‌ಸೆಂಟೆಡ್" ಅಂದಿದ್ರೂ ಬೇರೆ ವಾಸನೆ ಮುಚ್ಚೋಕೆ ಸುಗಂಧ ಹಾಕಿರಬಹುದು, ಹಾಗಾಗಿ ಮುಂದಿನ ಚಂದದ ಬರಹ ಬಿಟ್ಟು ಡಬ್ಬಿ ತಿರುಗಿಸಿ ಹಿಂದಿನ ಪಟ್ಟಿಯಲ್ಲಿ "ಪರ್ಫ್ಯೂಮ್", "ಫ್ರಾಗ್ರೆನ್ಸ್" ಇದೆಯಾ ಹುಡುಕಿ.