ಲೂಪಸ್ ಮತ್ತು ಬಿಳಿ ರಕ್ತಕಣ: ಕೌಂಟ್ ಇಳಿದದ್ದು ರೋಗದಿಂದಲೋ, ಮಾತ್ರೆಯಿಂದಲೋ?

ಬೆಂಗಳೂರಿನಲ್ಲಿ ಮಳೆಗಾಲ ಶುರುವಾಯಿತೆಂದರೆ ಜ್ವರ ಬಂದವರೆಲ್ಲ ಮೊದಲು ಮಾಡಿಸುವುದು ಡೆಂಗಿ ಪರೀಕ್ಷೆ. ಎಂಟು ವರ್ಷಗಳಿಂದ ಲೂಪಸ್ (ದೇಹದ ರೋಗನಿರೋಧಕ ವ್ಯವಸ್ಥೆ ತನ್ನದೇ ಅಂಗಗಳ ಮೇಲೆ ತಿರುಗಿಬೀಳುವ ಕಾಯಿಲೆ) ಇರುವ, ಬಸವನಗುಡಿಯ ನನ್ನ ಪರಿಚಿತರೊಬ್ಬರೂ ಅದನ್ನೇ ಮಾಡಿಸಿದರು. ಡೆಂಗಿ ಇರಲಿಲ್ಲ. ಆದರೆ ವರದಿಯಲ್ಲಿ ಬಿಳಿ ರಕ್ತಕಣಗಳ ಟೋಟಲ್ ಕೌಂಟ್ 3,200 ಎಂದಿತ್ತು. ಸಾಮಾನ್ಯವಾಗಿ ಇದು 4,000ದಿಂದ 11,000ದ ನಡುವೆ ಇರಬೇಕು. ರೋಗನಿರೋಧಕ ವ್ಯವಸ್ಥೆಯನ್ನು ತಗ್ಗಿಸಲು ಅವರು ನುಂಗುತ್ತಿದ್ದ ಅಜಥಯೊಪ್ರಿನ್ ಮಾತ್ರೆಯನ್ನು ಕೂಡಲೇ ನಿಲ್ಲಿಸಬೇಕೆಂದು ಮನೆಯವರು ಪಟ್ಟು ಹಿಡಿದರು. ಆ ಗಾಬರಿ ಸಹಜವೇ, ಆದರೆ ಲೂಪಸ್ ಇರುವವರಲ್ಲಿ ಈ ಸಂಖ್ಯೆಯೊಂದನ್ನೇ ನೋಡಿ ತೀರ್ಮಾನಕ್ಕೆ ಬರುವುದು ಎಷ್ಟು ಅಪಾಯಕಾರಿ ಎಂಬುದು ಅದರ ಇತಿಹಾಸವನ್ನು ನೋಡಿದರೆ ತಿಳಿಯುತ್ತದೆ.

ಚರ್ಮದ ಕಾಯಿಲೆಯೆಂದೇ ಎಣಿಸಲಾಗಿದ್ದ ಲೂಪಸ್ ಒಳಗಿನ ಅಂಗಗಳನ್ನೂ ಬಾಧಿಸುತ್ತದೆ ಎಂದು 1872ರಲ್ಲಿ ಮೊರಿಟ್ಜ್ ಕಪೋಸಿ ವಿವರಿಸಿದರು. ಆದರೂ ಅದನ್ನು ಪ್ರಯೋಗಾಲಯದಲ್ಲಿ ಗುರುತಿಸುವ ದಾರಿ ತೆರೆದದ್ದು 1948ರಲ್ಲಿ. ಅಮೆರಿಕದ ಮೇಯೊ ಕ್ಲಿನಿಕ್‌ನ ಮಾಲ್ಕಮ್ ಹಾರ್‌ಗ್ರೇವ್ಸ್ ಮತ್ತು ಸಹೋದ್ಯೋಗಿಗಳು ರೋಗಿಗಳ ಅಸ್ಥಿಮಜ್ಜೆಯಲ್ಲಿ ವಿಚಿತ್ರವಾದ ಬಿಳಿ ಕಣಗಳನ್ನು ಕಂಡರು: ಇನ್ನೊಂದು ಕಣದ ಕೇಂದ್ರವನ್ನು (ನ್ಯೂಕ್ಲಿಯಸ್) ನುಂಗಿ, ಆ ಉಂಡೆಯ ಒತ್ತಡಕ್ಕೆ ತನ್ನದೇ ಕೇಂದ್ರವನ್ನು ಅಂಚಿಗೆ ತಳ್ಳಿಕೊಂಡ ಕಣ. ಇದಕ್ಕೇ ಎಲ್‌ಇ (ಲೂಪಸ್ ಎರಿಥೆಮಟೋಸಸ್) ಸೆಲ್ ಎಂಬ ಹೆಸರು ಬಂತು. ಮುಂದಿನ ದಶಕದಲ್ಲಿ, ದೇಹವು ತನ್ನ ಜೀವಕೋಶಗಳ ಕೇಂದ್ರದ ಮೇಲೆಯೇ ಪ್ರತಿಕಾಯಗಳನ್ನು ತಯಾರಿಸುತ್ತದೆ ಎಂಬುದು ಖಚಿತವಾಯಿತು.

ಕೌಂಟ್ ಇಳಿಯುವುದೇ ರೋಗದ ಗುರುತು ಎಂಬ ಮಾತು ಲೂಪಸ್ ಅನ್ನು ವರ್ಗೀಕರಿಸುವ ಮಾನದಂಡಗಳಲ್ಲಿ ಸೇರಿದ್ದು 1971ರಲ್ಲಿ. 1982ರ ಪರಿಷ್ಕರಣೆಯಲ್ಲಿ, ಎರಡು ಅಥವಾ ಹೆಚ್ಚು ಬಾರಿ 4,000ಕ್ಕಿಂತ ಕಡಿಮೆ ಬಿಳಿ ಕಣ, ಇಲ್ಲವೇ 1,500ಕ್ಕಿಂತ ಕಡಿಮೆ ಲಿಂಫೋಸೈಟ್ (ಬಿಳಿ ಕಣಗಳಲ್ಲಿ ಒಂದು ಬಗೆ) ಇರುವುದು ರೋಗದ ಗುರುತುಗಳಲ್ಲಿ ಒಂದೆಂದಾಯಿತು. 2019ರ ಅಂತರರಾಷ್ಟ್ರೀಯ ಮಾನದಂಡದಲ್ಲಿ 4,000ಕ್ಕಿಂತ ಕಡಿಮೆ ಕೌಂಟ್‌ಗೆ 3 ಅಂಕ. ಲೂಪಸ್ ಎಂದು ವರ್ಗೀಕರಿಸಲು ಒಟ್ಟು 10 ಅಂಕ ಬೇಕು. ಬೇರೆ ಯಾವುದಾದರೂ ಕಾರಣ ಹೆಚ್ಚು ಸಂಭವನೀಯವಾಗಿದ್ದರೆ ಆ ಅಂಕವನ್ನು ಕೊಡಬಾರದು ಎಂಬ ಷರತ್ತೂ ಅದರಲ್ಲಿದೆ. ಡೆಂಗಿ ಕೂಡ ಬಿಳಿ ಕಣಗಳನ್ನೂ ಪ್ಲೇಟ್‌ಲೆಟ್‌ಗಳನ್ನೂ ಇಳಿಸುವುದರಿಂದ ನಮ್ಮ ಊರಿನಲ್ಲಿ ಈ ಷರತ್ತು ಬಹಳ ಮುಖ್ಯ.

ರೋಗವೇ ಕಣಗಳನ್ನು ಇಳಿಸುವಾಗ ಪ್ರತಿಕಾಯಗಳು ಅವುಗಳಿಗೆ ಅಂಟಿಕೊಂಡು ನಾಶಮಾಡುತ್ತವೆ, ಕಣಗಳು ಅವಧಿಗೆ ಮುನ್ನವೇ ಸಾಯುತ್ತವೆ. ಹೆಚ್ಚಾಗಿ ಕುಸಿಯುವುದು ಲಿಂಫೋಸೈಟ್. ನನ್ನ ಪರಿಚಿತರ ವರದಿಯಲ್ಲಿ ಲಿಂಫೋಸೈಟ್ ಶೇ 18 ಇತ್ತು. 3,200ಕ್ಕೆ ಲೆಕ್ಕ ಹಾಕಿದರೆ 576. ನ್ಯೂಟ್ರೊಫಿಲ್ ಶೇ 74, ಅಂದರೆ 2,368. ಬ್ಯಾಕ್ಟೀರಿಯಾ ಸೋಂಕಿನ ವಿರುದ್ಧ ಮುಂದೆ ನಿಲ್ಲುವ ಕಣ ನ್ಯೂಟ್ರೊಫಿಲ್, ಅದು ಸಾಕಷ್ಟಿತ್ತು. ಶೇಕಡಾವಾರು ಅಂಕಿಯನ್ನಷ್ಟೇ ಓದಿ ಬಿಡುವ ಬದಲು ಈ ಚಿಕ್ಕ ಗುಣಾಕಾರವನ್ನು ರೋಗಿಗಳೂ ಕಲಿಯಬೇಕೆಂಬುದು ನನ್ನ ಬಲವಾದ ಅನಿಸಿಕೆ. ಆದರೆ ನ್ಯೂಟ್ರೊಫಿಲ್ 500ಕ್ಕಿಂತ ಕೆಳಗಿದ್ದು ಜ್ವರ ಬಂದರೆ ಒಂದು ಗಂಟೆಯೂ ಕಾಯದೆ ಆಸ್ಪತ್ರೆ ಸೇರಬೇಕು.

ಇದೇ ಸಂಖ್ಯೆಗೆ ಎರಡನೆಯ ಅರ್ಥ ಬಂದದ್ದು ಔಷಧಗಳಿಂದ. ಲೂಪಸ್‌ಗೆ ಕೊಡುವ ಸೈಕ್ಲೋಫಾಸ್ಫಮೈಡ್, ಮೈಕೋಫಿನಾಲೇಟ್, ಅಜಥಯೊಪ್ರಿನ್ ಮೂರೂ ಬಿಳಿ ಕಣಗಳು ಹುಟ್ಟುವ ಅಸ್ಥಿಮಜ್ಜೆಯನ್ನು ಕುಗ್ಗಿಸಬಲ್ಲವು. ಸ್ಟೀರಾಯ್ಡ್ ಇದಕ್ಕೆ ವಿರುದ್ಧವಾಗಿ ನ್ಯೂಟ್ರೊಫಿಲ್‌ಗಳನ್ನು ಏರಿಸಿ ಕೌಂಟ್ ಚೆನ್ನಾಗಿದೆ ಎಂಬ ಭ್ರಮೆ ಹುಟ್ಟಿಸಬಹುದು. ಅಜಥಯೊಪ್ರಿನ್ ಕೆಲವರ ಕೌಂಟನ್ನು ವಾರಗಳೊಳಗೆ ಪಾತಾಳಕ್ಕೆ ಇಳಿಸುವುದು ಏಕೆಂಬುದಕ್ಕೆ ಮೊದಲು ಆ ಔಷಧವನ್ನು ನಿಷ್ಕ್ರಿಯಗೊಳಿಸುವ ಟಿಪಿಎಂಟಿ ಎಂಬ ಕಿಣ್ವದ ಕೊರತೆಯನ್ನು ತೋರಿಸಲಾಗುತ್ತಿತ್ತು. ಏಷ್ಯಾದವರಲ್ಲಿ ಆ ಕೊರತೆ ವಿರಳ. 2014ರಲ್ಲಿ ಕೊರಿಯಾದ ಸಂಶೋಧಕರು ಎನ್‌ಯುಡಿಟಿ15 ಎಂಬ ಇನ್ನೊಂದು ಜೀನ್‌ನಲ್ಲಿನ ವ್ಯತ್ಯಾಸದತ್ತ ಬೆರಳು ತೋರಿಸಿದ ಮೇಲೆ ಭಾರತೀಯ ರೋಗಿಗಳಿಗೂ ಉತ್ತರ ಸಿಕ್ಕಿತು. ಯೂರಿಕ್ ಆಸಿಡ್‌ಗೆ ಕೊಡುವ ಅಲೋಪ್ಯುರಿನಾಲ್ ಜೊತೆಗೆ ಸೇರಿದರೆ ಅಜಥಯೊಪ್ರಿನ್‌ನ ವಿಷಪ್ರಭಾವ ಹಲವು ಪಟ್ಟು ಹೆಚ್ಚುತ್ತದೆ, ಆದ್ದರಿಂದ ಮೆಡಿಕಲ್ ಶಾಪ್‌ನಲ್ಲಿ ಕೇಳಿ ತಂದ ಮಾತ್ರೆಯ ವಿಷಯವನ್ನೂ ವೈದ್ಯರಿಗೆ ಹೇಳಲೇಬೇಕು.

ಈ ಎರಡು ಅರ್ಥಗಳಿಗೆ ಚಿಕಿತ್ಸೆ ಒಂದಕ್ಕೊಂದು ತದ್ವಿರುದ್ಧ. ಮಾತ್ರೆಯಿಂದ ಇಳಿದಿದ್ದರೆ ಅದನ್ನು ಕಡಿಮೆ ಮಾಡಬೇಕು ಅಥವಾ ನಿಲ್ಲಿಸಬೇಕು. ರೋಗ ಕೆರಳಿ ಇಳಿದಿದ್ದರೆ ಅದೇ ಮಾತ್ರೆಯನ್ನು ನಿಲ್ಲಿಸುವುದು ಮೂತ್ರಪಿಂಡಕ್ಕೆ ಕುತ್ತು ತರಬಹುದು.

ಬಸವನಗುಡಿಯವರ ವೈದ್ಯರು ಹಳೆಯ ವರದಿಗಳ ಕಡತವನ್ನು ತರಿಸಿ, ಅಜಥಯೊಪ್ರಿನ್ ಶುರುವಾಗುವ ಮುಂಚಿನ ಹಾಳೆಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿದರು: 3,400, 3,100, 3,300. ಮಾತ್ರೆಗೂ ಮೊದಲೇ ಕೌಂಟ್ ಇಷ್ಟೇ ಇದ್ದುದರಿಂದ ಮಾತ್ರೆ ನಿಲ್ಲಲಿಲ್ಲ. ರೋಗ ಕೆರಳಿದೆಯೇ ಎಂದು ನೋಡಲು, ಮರುದಿನ ಬೆಳಿಗ್ಗೆ ಸಿ3, ಸಿ4 (ರೋಗ ಕೆರಳಿದಾಗ ರಕ್ತದಲ್ಲಿ ಇಳಿಯುವ ಪ್ರೋಟೀನ್‌ಗಳು) ಮತ್ತು ಮೂತ್ರದಲ್ಲಿನ ಪ್ರೋಟೀನ್ ಪರೀಕ್ಷೆಗೆ ಬರೆದುಕೊಟ್ಟು, ಎರಡು ವಾರ ಬಿಟ್ಟು ಮತ್ತೆ ಕೌಂಟ್ ನೋಡೋಣವೆಂದರು.